ಚೌಡೇಶ್ವರಿ ಬರೆದುಕೊಳ್ಳದ ಸಾಲು

ಚೌಡೇಶ್ವರಿಯ ಬಲಗೈ ತೋರುಬೆರಳು ಸುಮ್ಮನೆ ಇರುತ್ತಿದ್ದುದು ಕಡಿಮೆ. ಬೆಳಿಗ್ಗೆ ಎಂಟೂವರೆಗೆ ಹರಿಹರದಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕ ಜಾಗ ಹಿಡಿದು, ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಸಾಕು, ಆ ಬೆರಳು ಚೀಲದ ಮೇಲೆ ಓಡಾಡಲು ಶುರುಮಾಡುತ್ತಿತ್ತು. ಒಂದು ಕಡೆ ಬಾಗುತ್ತಿತ್ತು, ಇನ್ನೊಂದು ಕಡೆ ಸಣ್ಣ ಕೊಕ್ಕೆ ಹಾಕುತ್ತಿತ್ತು, ಥಟ್ಟನೆ ನಿಂತು ಒಂದು ಚುಕ್ಕಿ ಇಡುತ್ತಿತ್ತು. ನೋಡಿದವರಿಗೆ ಏನೋ ಚಟದಂತೆ ಕಾಣುತ್ತಿತ್ತು. ನಿಜದಲ್ಲಿ ಅವಳು ಬಸ್ಸಿನವರ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಕಿವಿಗೆ ಬಿದ್ದದ್ದು ತಲೆಯನ್ನು ಕೇಳದೆ ನೇರ ಬೆರಳಿಗೆ ಇಳಿದುಬಿಡುತ್ತಿತ್ತು. ತಲೆ ಬೇರೆಲ್ಲೋ ಇರುತ್ತಿತ್ತು. ಮಂಜು ಇನ್ನೂ ಕರಗಿರದ ಗದ್ದೆಗಳ ಮೇಲೆ, ಬೆಳ್ಳಕ್ಕಿಗಳು ಒಂದೊಂದೇ ಹೆಜ್ಜೆ ಇಡುವ ಕಡೆ, ಅದಕ್ಕೂ ಆಚೆ ಎಲ್ಲೋ.

ಅವಳು ನಂದಿಗುಡಿಯ ಒಬ್ಬ ಭತ್ತದ ರೈತನ ಎರಡನೆಯ ಮಗಳು. ಹತ್ತನೆಯ ಕ್ಲಾಸು ಮುಗಿಸಿ, ಏಳೆಂಟು ವರ್ಷ ಮನೆಯ ಗದ್ದೆ ಕೆಲಸದಲ್ಲಿ ಕಳೆದ ಮೇಲೆ, ಹರಿಹರದಲ್ಲಿ ಸೈಕಲ್ ಅಂಗಡಿಯ ಮಾಳಿಗೆ ಮೇಲಿದ್ದ ಟೈಪಿಂಗ್ ಶಾಲೆಗೆ ಸೇರಿದಾಗ, ಕರಿಹಲಗೆಯ ಮೇಲೆ ಮೇಷ್ಟ್ರು ಎಳೆದ ಗೆರೆಗಳನ್ನು ನೋಡಿ ಅವಳಿಗೆ ಮೊದಲು ಅನ್ನಿಸಿದ್ದು, ಇವು ಅಕ್ಷರಗಳಲ್ಲ, ಮೀನಿನ ಮರಿಗಳು ಎಂದು. ದಪ್ಪ ಗೆರೆ, ತೆಳು ಗೆರೆ, ಅರ್ಧಕ್ಕೆ ಕಡಿದ ಗೆರೆ. ಆರು ತಿಂಗಳಲ್ಲಿ ಆ ಮರಿಗಳು ಅವಳ ಕೈಗೆ ಬಂದವು. ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲಿಗಳಾದಳು. ಆ ಸುದ್ದಿ ಕೇಳಿ ಅವಳನ್ನು ಕರೆಸಿಕೊಂಡವರು ಅವಳ ಊರಿನವರೇ ಆದ ಕಲ್ಲಪ್ಪನವರು.

ಕಲ್ಲಪ್ಪನವರು ಹೊಳೆದಂಡೆ ವಿದ್ಯಾ ಸಂಘ ಕಟ್ಟಿದವರು. ಸುಗ್ಗಿಯ ಕಾಲದಲ್ಲಿ ಕಣದಿಂದ ಕಣಕ್ಕೆ ನಡೆದು, ಮನೆಗೊಂದು ಚೀಲದಂತೆ ಭತ್ತ ಎತ್ತಿ, ಹರಿಹರದ ಒಂದು ಹಳೆಯ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಹೈಸ್ಕೂಲು ತೆರೆದಿದ್ದರು. ಭತ್ತ ಕೊಟ್ಟವರೆಲ್ಲ ಸಂಘದ ಸದಸ್ಯರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಸಂಘ ದಾವಣಗೆರೆಗೆ ಬಂದು, ಡಿಗ್ರಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ನರ್ಸಿಂಗ್ ಶಾಲೆ ಎಂದು ಬೆಳೆದು, ಗಾಜಿನ ಮುಂಬಾಗಿಲಿನ ಕಟ್ಟಡವಾಯಿತು. ಕಲ್ಲಪ್ಪನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಚೌಡೇಶ್ವರಿ ಮಾತ್ರ ಅದೇ ಸ್ಟೆನೋ ಆಗಿ ಉಳಿದಿದ್ದಳು. ಈಗ ಐವತ್ತೇಳು ವರ್ಷ. ನಿವೃತ್ತಿಗೆ ಇನ್ನು ಎಂಟು ತಿಂಗಳು.

ಆ ವರ್ಷ ಬೇಸಿಗೆಯ ಆರಂಭದಲ್ಲಿ ಬಸ್ಸಿನ ಮಾತೆಲ್ಲ ಒಂದೇ ವಿಷಯಕ್ಕೆ ತಿರುಗಿತು. ಸಂಘದ ಕಾರ್ಯನಿರ್ವಾಹಕ ನಿರ್ದೇಶಕರಿಗೆ ತಿಂಗಳಿಗೆ ಆರೂವರೆ ಲಕ್ಷ ಸಂಬಳ, ಮೇಲೆ ಕಾರು, ಎಸ್.ಎಸ್. ಬಡಾವಣೆಯಲ್ಲಿ ಮನೆ. ಅದು ಹೇಗೋ ಹೊರಗೆ ಬಿದ್ದು, ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ದಿನಾ ಬೆಳಿಗ್ಗೆ ಓದುಗರ ಪತ್ರಗಳು ಬಂದವು.

"ಆರೂವರೆ ಲಕ್ಷ! ಅಷ್ಟು ದುಡ್ಡು ತಿಂಗಳಿಗೆ ಹೆಂಗ್ ಖರ್ಚು ಮಾಡ್ತಾನ್ರೀ ಮನುಷ್ಯ?" ಎಂದ ಮುಂದಿನ ಸೀಟಿನವನು.

"ನಿಮ್ಗೆ ಅದೇ ಚಿಂತೆ. ಕಂಪನ್ಯಾಗೆ ಕೊಟ್ರೆ ಶಭಾಷ್ ಅಂತೀರಿ, ಕಾಲೇಜ್‌ನಾಗೆ ಕೊಟ್ರೆ ಹೊಟ್ಟೆ ಉರಿ. ಒಳ್ಳೆ ಮನುಷ್ಯ ಬೇಕು ಅಂದ್ರೆ ಒಳ್ಳೆ ಸಂಬಳ ಕೊಡ್ಬೇಕಪಾ," ಎಂದ ಪಕ್ಕದವನು.

"ಕಂಪನಿ ಅದ್ರ ದುಡ್ಡು ಕೊಡ್ತೈತೆ. ಇದು ನಮ್ಮಪ್ಪ ಕೊಟ್ಟ ಭತ್ತ."

"ನಿಮ್ಮಪ್ಪ ಕೊಟ್ಟಿದ್ದು ಒಂದು ಚೀಲ. ಅದನ್ನ ಕಾಲೇಜು ಮಾಡೋಕೆ ತಲೆ ಬೇಕಲ್ಲ."

ಚೌಡೇಶ್ವರಿಯ ಬೆರಳು ಎರಡು ಕಡೆಯ ಮಾತನ್ನೂ ಒಂದೇ ಸಮನೆ ಬರೆದುಕೊಂಡಿತು. ಬೆರಳಿಗೆ ಪಕ್ಷವಿರಲಿಲ್ಲ. ಅವಳಿಗೂ ಇರಲಿಲ್ಲವೆಂದೇ ಅವಳು ಅಂದುಕೊಂಡಿದ್ದಳು, ಶಾಮನೂರಿನ ಹಾಲೇಶಪ್ಪ ಮೇಷ್ಟ್ರ ಪತ್ರ ಬರುವ ತನಕ.

ಹಾಲೇಶಪ್ಪನವರು ಸಂಘದ ಮೊದಲ ಹೈಸ್ಕೂಲಿನಲ್ಲಿ ಗಣಿತ ಹೇಳಿ, ಆಮೇಲೆ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ವಯಸ್ಸು ಎಂಬತ್ತರ ಹತ್ತಿರ. ಅವರು ಬರೆದಿದ್ದರು: "೧೯೯೩ರ ಜುಲೈ ತಿಂಗಳ ಆಡಳಿತ ಸಭೆಯಲ್ಲಿ, ಸಂಘದ ಅತಿ ದೊಡ್ಡ ಹುದ್ದೆಯ ಸಂಬಳ ಕಸ ಗುಡಿಸುವವರ ಸಂಬಳದ ಹತ್ತು ಪಟ್ಟು ಮೀರಬಾರದೆಂದು ನಿರ್ಣಯವಾಗಿದೆ. ಆ ಸಭೆಯಲ್ಲಿ ನಾನಿದ್ದೆ. ಈಗಿನವರು ನಡಾವಳಿ ಪುಸ್ತಕ ತೆರೆದು ನೋಡಲಿ."

ಪುಸ್ತಕ ತೆರೆದು ನೋಡಿದರು. ಆ ದಿನದ ಪುಟದಲ್ಲಿ ಒಂದೇ ಸಾಲಿತ್ತು: "ವೇತನದ ವಿಷಯ ಚರ್ಚಿಸಲಾಯಿತು." ಒಪ್ಪಲಾಯಿತು ಎಂದೂ ಇಲ್ಲ, ಬಿಡಲಾಯಿತು ಎಂದೂ ಇಲ್ಲ. ಟೈಪು ಮಾಡಿದ್ದು ಚೌಡೇಶ್ವರಿ. ಆ ಸಭೆಯಲ್ಲಿದ್ದವರ ಪೈಕಿ ಬದುಕಿದ್ದವರು ಇಬ್ಬರೇ, ಹಾಲೇಶಪ್ಪನವರು ಮತ್ತು ಅವಳು.

ಎರಡು ದಿನದ ಮೇಲೆ ಹಾಲೇಶಪ್ಪನವರೇ ಕಚೇರಿಗೆ ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಡಿಸಿದ ಕೊಡೆ. ಚೌಡೇಶ್ವರಿ ಎದ್ದು ನಿಂತಳು.

"ಕೂಡ್ರಿ ಸರ್. ನೀರು ತರ್ಲಾ?"

"ನೀರು ಬ್ಯಾಡಮ್ಮ. ಅವತ್ತು ನೀನಿದ್ದೆಲ್ಲ ಚೌಡೇಶ್ವರಿ, ಮೂಲ್ಯಾಗೆ, ಕಿಟಕಿ ಹತ್ರ. ಕಲ್ಲಪ್ಪನೋರು ಕೈ ಎತ್ರಿ ಅಂದ್ರು. ಎಲ್ಲಾರೂ ಎತ್ತಿದ್ವಿ. ಬರ್ಕಂಡಿರ್ತೀಯಲ್ಲ?"

"ನೋಟ್‌ಬುಕ್ ಮನ್ಯಾಗೈತೆ ಸರ್. ನೋಡಿ ಹೇಳ್ತೀನಿ," ಎಂದಳು.

"ನೋಡು. ಸರ್ವಸದಸ್ಯರ ಸಭೆಗೆ ತಗಂಡು ಬಾ. ಅಲ್ಲೇ ಓದು." ಅವರ ದನಿಯಲ್ಲಿ ಗೆದ್ದವರ ಸಮಾಧಾನವಿತ್ತು.

ಅವಳಿಗೆ ನೋಟ್‌ಬುಕ್ ನೋಡುವ ಅಗತ್ಯವೇ ಇರಲಿಲ್ಲ. ಅದರಲ್ಲಿ ಏನಿದೆ, ಏನಿಲ್ಲ ಎಂಬುದು ಮೂವತ್ತೆರಡು ವರ್ಷದಿಂದ ಅವಳಿಗೆ ಗೊತ್ತಿತ್ತು.

ಆ ಜುಲೈ ತಿಂಗಳಲ್ಲಿ ಅವಳಿಗೆ ಇಪ್ಪತ್ತೈದು. ಸಭೆ ನಡೆದದ್ದು ಗಿರಣಿಯ ಅಟ್ಟದ ಮೇಲಿನ ಕೋಣೆಯಲ್ಲಿ. ಕೋಣೆಯ ತುಂಬ ತೌಡಿನ ಬೆಚ್ಚನೆಯ ವಾಸನೆ. ಕಿಟಕಿಯಿಂದ ತುಂಗಭದ್ರೆ ಕಾಣುತ್ತಿತ್ತು. ಮೇಲೆಲ್ಲೋ ಮಳೆ ಹೊಡೆದು ಹೊಳೆ ಕೆಂಪಾಗಿ, ದಡ ಮುಟ್ಟಿ, ಸದ್ದೇ ಇಲ್ಲದೆ ಹೋಗುತ್ತಿತ್ತು. ತುಂಬಿದ ಹೊಳೆಗೆ ಸದ್ದಿರುವುದಿಲ್ಲ ಎಂದು ಅವಳು ಅವತ್ತೇ ಗಮನಿಸಿದ್ದು. ಕಲ್ಲಪ್ಪನವರ ದನಿ ದೂರದಿಂದ ಬರುವಂತೆ ಬರುತ್ತಿತ್ತು. ಬೆರಳುಗಳು ಪೆನ್ಸಿಲ್ ಹಿಡಿದು ಬರೆಯುತ್ತಿದ್ದವು. ಕಣ್ಣು ಹೊಳೆಯ ಮೇಲಿತ್ತು. ಆಮೇಲೆ ಏನಾಯಿತೋ, ನೀರಿನ ಮೇಲೆ ಏನೇನೋ ಬರತೊಡಗಿತು. ಮತ್ತೆ ಅವಳಿಗೆ ಎಚ್ಚರವಾದಾಗ ಕಲ್ಲಪ್ಪನವರು ಶಾಲೆಯ ಹೆಂಚಿನ ಮಾತಿಗೆ ಬಂದಿದ್ದರು.

ಕೈಗಳು ಎದ್ದವೋ ಇಲ್ಲವೋ, ಎಷ್ಟು ಎದ್ದವೋ ಅವಳು ನೋಡಲೇ ಇಲ್ಲ. ಕೇಳಲು ನಾಚಿಕೆ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಮಾರನೆಯ ದಿನ ಟೈಪು ಮಾಡುವಾಗ ಬಹಳ ಹೊತ್ತು ಕೂತು, ಕಡೆಗೆ "ಚರ್ಚಿಸಲಾಯಿತು" ಎಂದು ಹೊಡೆದಳು. ಅದು ಸುಳ್ಳಲ್ಲ. ಕಾರ್ಯದರ್ಶಿ ಓದದೆ ಸಹಿ ಹಾಕಿದರು. ಸಣ್ಣ ಶಾಲೆ, ನಾಲ್ಕು ಜನರ ಸಂಬಳ, ಯಾರಿಗೂ ಆ ಸಾಲು ಬೇಕಾಗಲಿಲ್ಲ. ಆದರೆ ವರ್ಷಕ್ಕೊಂದೆರಡು ಸಲ, ಪಾತ್ರೆ ತೊಳೆಯುವಾಗಲೋ ಬಸ್ಸಿಗೆ ಕಾಯುವಾಗಲೋ, ಕಲ್ಲಪ್ಪನವರು "ಕೈ ಎತ್ರಿ" ಎಂದು ಹೇಳಿ ತನ್ನ ಕಡೆ ತಿರುಗಿ ನೋಡಿದಂತೆ ಅವಳಿಗೆ ಅನ್ನಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಸೀರೆಗಳ ಕೆಳಗಿದ್ದ ನೋಟ್‌ಬುಕ್ಕುಗಳನ್ನು ತೆಗೆದಳು. ಗಂಡ ಬಕ್ಕೇಶ್ ಪಂಪ್‌ಸೆಟ್ ಮೋಟಾರು ರಿಪೇರಿಯವನು. ಅಂಗಳದಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಅವನಿಗೆ ಅವತ್ತು ಮೊದಲ ಸಲ ಎಲ್ಲ ಹೇಳಿದಳು. ಪುಟ ತೆರೆದು ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಇದು ನಂಗೆ ಇರುವೆ ಹರಿದಂಗೆ ಕಾಣ್ತೈತೆ," ಎಂದ. "ಇದನ್ನ ಓದೋರು ದಾವಣಗೆರ್ಯಾಗೆ ಇನ್ನ ಯಾರಿದಾರೆ?"

"ಕನ್ನಡದ್ದು? ನಂಗೆ ಗೊತ್ತಿದ್ದಂಗೆ ಯಾರೂ ಇಲ್ಲ. ಇದ್ರೂ ನನ್ ಕೈ ಬರಹ ಅವ್ರಿಗೆ ಹತ್ತಲ್ಲ."

"ಮತ್ತೇನು. ಪಾಸಾತು ಅಂದ್ಬಿಡು. ಮೇಷ್ಟ್ರು ಖುಷಿ ಆಗ್ತಾರೆ, ಊರೂ ಖುಷಿ ಆಗ್ತೈತೆ. ಕಲ್ಲಪ್ಪನೋರಿಗೂ ಅದೇ ಬೇಕಿತ್ತಲ್ಲ?"

ಅವಳು ನೋಟ್‌ಬುಕ್ ಮಡಿಲಿಗೆ ಎಳೆದುಕೊಂಡಳು. ಬೇಸಿಗೆಯ ಬಿಸಿಲು ಅಂಗಳದ ಕಲ್ಲಿನ ಮೇಲೆ ಅಲುಗಾಡುತ್ತಿತ್ತು. ಅಷ್ಟು ಸುಲಭ. ಒಂದೇ ಪದ. ಯಾರೂ ಹಿಡಿಯಲಾರರು. ಹಾಗೆಯೇ ಇನ್ನೊಂದು ಕಡೆಯವರು ಕೇಳಿಕೊಂಡರೆ ಆಗಲಿಲ್ಲ ಎಂದೂ ಓದಬಹುದು. ಇಡೀ ಊರಿನ ಜಗಳ ತನ್ನೊಬ್ಬಳ ನಾಲಿಗೆಯ ತುದಿಗೆ ಬಂದು ಕೂತಿದೆ ಎನ್ನಿಸಿ, ಅವಳಿಗೆ ತಲೆ ಹಗುರವಾಗಿ ತೇಲಿದಂತಾಯಿತು.

"ಬಕ್ಕೇಶ, ನಾನು ಇಷ್ಟು ವರ್ಷ ಯಾರ್ಯಾರ್ದೋ ಮಾತು ಬರ್ದಿದೀನಿ. ಒಂದು ಮಾತೂ ನಾನು ಸೇರ್ಸಿಲ್ಲ."

"ಹಂಗಾದ್ರೆ ಸೇರಿಸ್ಬ್ಯಾಡ," ಎಂದ ಅವನು, ತಂತಿಯಿಂದ ಕಣ್ಣೆತ್ತದೆ.

ಮಾರನೆಯ ದಿನ ಕಚೇರಿಯಲ್ಲಿ ದುರುಗವ್ವ ಅವಳ ಮೇಜಿನ ಕೆಳಗೆ ಗುಡಿಸುತ್ತ ಮಾತು ತೆಗೆದಳು. ದುರುಗವ್ವ ಹನ್ನೊಂದು ವರ್ಷದಿಂದ ಆ ಕಟ್ಟಡ ಗುಡಿಸುತ್ತಿದ್ದಳು. ಗುತ್ತಿಗೆದಾರನ ಕಡೆಯಿಂದ ಅವಳ ಕೈಗೆ ಬರುತ್ತಿದ್ದುದು ತಿಂಗಳಿಗೆ ಹನ್ನೊಂದು ಸಾವಿರ.

"ಅಕ್ಕಾರೆ, ಒಂದು ಕೇಳ್ಲಾ? ಎಲ್ಲಾರೂ ಹತ್ತು ಪಟ್ಟು, ಹತ್ತು ಪಟ್ಟು ಅಂತಾರೆ. ಯಾರ ಹತ್ತು ಪಟ್ಟು?"

"ನಿನ್ ಹತ್ತು ಪಟ್ಟು ದುರುಗವ್ವ."

ದುರುಗವ್ವ ಪೊರಕೆ ಹಿಡಿದು ನಿಂತಳು. ನಗಬೇಕೋ ಬೇಡವೋ ತಿಳಿಯದವಳಂತೆ ನಕ್ಕಳು. "ಅಂದ್ರೆ ನನ್ನ ಇಟ್ಕಂಡು ಲೆಕ್ಕ ಹಾಕ್ತಾರಾ? ಪೇಪರ್‌ನಾಗೆ ಅಷ್ಟು ಬರೀತಾರೆ, ನಂಗೆಷ್ಟು ಬರ್ತೈತೆ ಅಂತ ಒಬ್ರೂ ಬಂದು ಕೇಳ್ಲಿಲ್ಲ ನೋಡ್ರಿ."

ಆ ಸಂಜೆ ನಿರ್ದೇಶಕರು ಕರೆಸಿದರು. ವೀರೇಶ್ ಅವರಿಗೆ ಐವತ್ತರ ಆಸುಪಾಸು, ಪುಣೆಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಚೌಡೇಶ್ವರಿಗೆ ಅವರ ಮೇಲೆ ಕೋಪ ಬರಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಅವರು ಬಂದ ಎರಡು ವರ್ಷದಲ್ಲಿ ಹುಡುಗಿಯರ ಶೌಚಾಲಯಗಳಿಗೆ ನೀರು ಬಂದಿತ್ತು, ಪ್ರಯೋಗಾಲಯಗಳ ಬೀಗ ತೆಗೆದಿತ್ತು, ಪಾಠ ಮಾಡದೆ ಸಹಿ ಹಾಕಿ ಹೋಗುವವರು ಪಾಠ ಮಾಡಲು ಶುರುಮಾಡಿದ್ದರು.

"ಕೂತ್ಕೊಳ್ಳಿ," ಎಂದರು. "ನೋಟ್‌ಬುಕ್‌ನಲ್ಲಿ ಏನಿದೆ ಅಂತ ನಾನು ಕೇಳೋದಿಲ್ಲ. ಕೇಳಿದ್ರೆ ತಪ್ಪಾಗುತ್ತೆ. ಇರೋದನ್ನ ಓದಿ, ಅಷ್ಟೆ." ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದರು. ಹೊರಗೆ ಬೇವಿನ ಹೂವು ಗಾಳಿಗೆ ಉದುರುತ್ತಿತ್ತು. "ಪುಣೆಯಲ್ಲಿ ಇದಕ್ಕಿಂತ ಜಾಸ್ತಿ ಬರ್ತಿತ್ತು. ಕಡಿಮೆಗೆ ಬಂದೆ ಅಂತ ಹೆಮ್ಮೆ ಇತ್ತು ನನಗೆ. ಇಲ್ಲಿ ನೋಡಿದ್ರೆ ಕಳ್ಳನ ಥರ ಆಗಿದೀನಿ. ನಮ್ಮತ್ತೆ ಸಂತೆಗೆ ಹೋದ್ರೆ ತರಕಾರಿಯವಳು ಕೇಳ್ತಾಳಂತೆ, ನಿಮಗ್ಯಾಕಮ್ಮ ಚೌಕಾಸಿ ಅಂತ." ಆಮೇಲೆ ಕೇಳಿದರು, "ಕಲ್ಲಪ್ಪನವರು ಹೇಗಿದ್ರು?"

ಅವಳು ಯೋಚಿಸಿದಳು. "ನಿಧಾನ ಮಾತಾಡೋರು ಸರ್. ಬರ್ಕೊಳ್ಳೋಕೆ ಸುಲಭ ಆಗೋದು," ಎಂದಳು.

ಸರ್ವಸದಸ್ಯರ ಸಭೆ ಏಪ್ರಿಲ್ ತಿಂಗಳ ಒಂದು ಭಾನುವಾರ. ಇಂಜಿನಿಯರಿಂಗ್ ಕಾಲೇಜಿನ ಸಭಾಂಗಣಕ್ಕೆ ಐನೂರಕ್ಕೂ ಹೆಚ್ಚು ಜನ ಬಂದಿದ್ದರು. ಸಂಘದ ಚರಿತ್ರೆಯಲ್ಲಿ ಅಷ್ಟು ಜನ ಬಂದದ್ದೇ ಇಲ್ಲ. ಮಂಡಿಪೇಟೆಯ ವ್ಯಾಪಾರಿಗಳು, ಬಡಾವಣೆಯ ಡಾಕ್ಟರುಗಳು, ನಂದಿಗುಡಿ ಕಡೆಯ ರೈತರು, ತೀರಿಹೋದ ಗಂಡಂದಿರ ಸದಸ್ಯತ್ವ ಹಿಡಿದು ಬಂದ ಹೆಂಗಸರು. ಫ್ಯಾನುಗಳು ತಿರುಗುತ್ತಿದ್ದವು. ಬಾಗಿಲ ಹೊರಗೆ ದುರುಗವ್ವ ನೀರಿನ ಕ್ಯಾನಿನ ಪಕ್ಕ ಲೋಟ ಜೋಡಿಸುತ್ತಿದ್ದಳು.

ಹಾಲೇಶಪ್ಪನವರು ಇಪ್ಪತ್ತು ನಿಮಿಷ ಮಾತಾಡಿದರು. ಕಣದಿಂದ ಕಣಕ್ಕೆ ನಡೆದ ಕಥೆಯನ್ನು ಎರಡು ಸಲ ಹೇಳಿದರು. ವೀರೇಶ್ ಐದೇ ನಿಮಿಷ ಮಾತಾಡಿದರು. "ನನ್ನ ಸಂಬಳ ನಾನು ನಿಗದಿ ಮಾಡ್ಕೊಂಡಿಲ್ಲ, ಸಮಿತಿ ಮಾಡಿದ್ದು. ಜಾಸ್ತಿ ಅನ್ನಿಸಿದ್ರೆ ಹೇಳಿ. ಆದ್ರೆ ಸುಮ್ನೆ ಕಡಿಮೆ ಮಾಡಿ ಅನ್ನಬೇಡಿ, ಯಾವ ಲೆಕ್ಕದಲ್ಲಿ ಅಂತ ಹೇಳಿ," ಎಂದು ಕೂತರು. ಅರ್ಧ ಸಭೆ ಚಪ್ಪಾಳೆ ತಟ್ಟಿತು, ಅರ್ಧ ಸಭೆ ಗೊಣಗಿತು. ಆಗ ಅಧ್ಯಕ್ಷರು ಮೈಕಿನಲ್ಲಿ ಅವಳ ಹೆಸರು ಕರೆದರು.

ವೇದಿಕೆಗೆ ಮೂರು ಮೆಟ್ಟಿಲು. ಅವಳು ಎಷ್ಟೋ ಸಭೆಗಳಲ್ಲಿ ಆ ವೇದಿಕೆಯ ಮೂಲೆಯಲ್ಲಿ ಕೂತಿದ್ದಳು. ನಡುವೆ ಎಂದೂ ನಿಂತಿರಲಿಲ್ಲ. ನೋಟ್‌ಬುಕ್ ತೆರೆದಳು. ಮಾಸಿದ ಪೆನ್ಸಿಲ್ ಗೆರೆಗಳು. ಮೊದಲ ಗೆರೆಯ ಮೇಲೆ ಕಣ್ಣಿಟ್ಟ ಕೂಡಲೆ ಕಲ್ಲಪ್ಪನವರ ದನಿ ಎದ್ದು ಬಂತು. ಅವಳು ಅವರ ಮಾತನ್ನು ಅವರ ನಿಧಾನದಲ್ಲೇ ಓದಿದಳು.

"ನೋಡ್ರಪಾ, ಇವತ್ತು ನಾವು ನಾಕು ಮಂದಿಗೆ ಸಂಬಳ ಕೊಡ್ತೀವಿ. ನಾಳೆ ನಾನೂರು ಮಂದಿಗೆ ಕೊಡೋ ಕಾಲ ಬರ್ತೈತೆ. ಅವತ್ತು ಮ್ಯಾಲಿನ ಕುರ್ಚ್ಯಾಗೆ ಯಾರೇ ಕೂತ್ಕಳ್ಳಿ, ಅವ್ರ ಸಂಬಳ ಇಲ್ಲಿ ಕಸ ಗುಡಿಸೋರ ಸಂಬಳದ ಹತ್ತು ಪಟ್ಟು ದಾಟಬಾರ್ದು. ಒಪ್ಪಿಗೆ ಇದ್ದೋರು ಕೈ ಎತ್ರಿ."

ಮುಂದಿನ ಸಾಲಿನಲ್ಲಿ ಹಾಲೇಶಪ್ಪನವರು ತಲೆಯಾಡಿಸುತ್ತಿದ್ದರು. ಚೌಡೇಶ್ವರಿ ಪುಟ ತಿರುಗಿಸಲಿಲ್ಲ. ಮುಂದಿನದೂ ಅದೇ ಪುಟದಲ್ಲಿತ್ತು. ಒಂದು ಗಳಿಗೆ ನಿಂತು ಅದನ್ನೂ ಓದಿದಳು.

"ಬೆಂಚುಗಳು ಹೊಳೆಯ ಮೇಲೆ ಹೋಗುತ್ತಿವೆ. ಮಕ್ಕಳು ಕೂತಿದ್ದಾರೆ. ಯಾರ ಕಾಲೂ ಒದ್ದೆಯಾಗಿಲ್ಲ. ಕೊನೆಯ ಬೆಂಚಿನಲ್ಲಿ ಇನ್ನೂ ಒಬ್ಬರಿಗೆ ಜಾಗವಿದೆ. ನಾನು ಕೂತರೆ ಮುಳುಗುತ್ತದೋ ಏನೋ."

ಅಧ್ಯಕ್ಷರು ಮುಂದಕ್ಕೆ ಬಾಗಿದರು. "ಏನದು ಮೇಡಂ? ಯಾರ ಮಾತು?"

"ನಂದು ಸರ್," ಎಂದಳು. ಮೈಕಿನಲ್ಲಿ ಅವಳ ದನಿ ಬೇರೆ ಯಾರದೋ ದನಿಯಂತೆ ಕೇಳಿಸಿತು. "ಕಲ್ಲಪ್ಪನೋರು ಕೈ ಎತ್ರಿ ಅಂದಾಗ ನಾನು ಕಿಟಕಿ ಆಚೆ ನೋಡ್ತಿದ್ದೆ. ಎಚ್ಚರ ಇದ್ದೂ ಕನಸು ಕಾಣ್ತಿದ್ದೆ. ಕೈ ಅದನ್ನೇ ಬರ್ದೈತೆ. ಇದಾದ ಮ್ಯಾಲೆ ಇರೋದು ಹೆಂಚಿನ ವಿಷಯ. ಎಷ್ಟು ಮಂದಿ ಕೈ ಎತ್ತಿದ್ರು, ಎತ್ತಿದ್ರೋ ಇಲ್ಲೋ, ನಂಗೆ ಗೊತ್ತಿಲ್ರಿ. ಅದ್ಕೇ ಚರ್ಚಿಸಲಾಯಿತು ಅಂತ ಟೈಪ್ ಮಾಡ್ದೆ. ತಪ್ಪು ನಂದು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಕ್ಕೆ ಬರಲಿಲ್ಲ, ಅಲ್ಲೇ ಆರಿಹೋಯಿತು. ಹಾಲೇಶಪ್ಪನವರ ತಲೆಯಾಟ ನಿಂತಿತ್ತು. ಅವರ ಮುಖ ನೋಡಲಾಗದೆ ಅವಳು ನೋಟ್‌ಬುಕ್ ಮುಚ್ಚಿದಳು. ಫ್ಯಾನುಗಳ ಸದ್ದು ನೀರು ಹರಿದಂತೆ ಕೇಳುತ್ತಿತ್ತು. ಭೂಮಿ ಬಾಯಿ ಬಿಡಲಿ ಎಂದು ಅನ್ನಿಸಬೇಕಾದ ಹೊತ್ತಿನಲ್ಲಿ ಅವಳಿಗೆ ಅನ್ನಿಸಿದ್ದೇ ಬೇರೆ. ಹೆಗಲ ಮೇಲಿಂದ ಯಾರೋ ಒದ್ದೆ ಕಂಬಳಿ ಎತ್ತಿಕೊಂಡ ಹಾಗಾಯಿತು.

ಎದ್ದವಳು ಪುಟ್ಟಕ್ಕ. ನಂದಿಗುಡಿಯವಳು, ಮಾವನ ಸದಸ್ಯತ್ವ ಹಿಡಿದು ಬಂದವಳು. ಮೈಕು ಬೇಕಾಗಲಿಲ್ಲ.

"ಅವತ್ತು ಪಾಸಾತೋ ಬಿಡ್ತೋ ಅತ್ಲಾಗಿರ್ಲಿ ಬಿಡ್ರಿ. ಸತ್ತೋರ ಕೈ ಎಣಿಸ್ಕಂಡು ಏನ್ ಮಾಡ್ತೀರಿ? ಈಗ ಇಷ್ಟು ಮಂದಿ ಎಚ್ಚರ ಇದೀವಲ್ಲ, ಈಗ ಮಾಡ್ರಿ ತೀರ್ಮಾನ!"

ಆಮೇಲೆ ಎರಡು ಗಂಟೆ ಗದ್ದಲ. ಹತ್ತು ಪಟ್ಟಾದರೆ ಯಾರೂ ಬರುವುದಿಲ್ಲ ಎಂದು ಕೆಲವರು, ಬರುವವರು ಬರಲಿ ಎಂದು ಕೆಲವರು, ಮಿತಿಯೇ ಬೇಡ ಎಂದು ಕೆಲವರು. ಕಡೆಗೆ ಇಪ್ಪತ್ತು ಪಟ್ಟು ಎಂಬಲ್ಲಿಗೆ ಮಾತು ಬಂದು ನಿಂತಿತು. ಇನ್ನೇನು ಮತಕ್ಕೆ ಹಾಕಬೇಕು, ಅಷ್ಟರಲ್ಲಿ ಅಧ್ಯಕ್ಷರು ಹೇಳಿದರು: "ಒಂದು ಸ್ಪಷ್ಟನೆ. ಗುತ್ತಿಗೆಯವರು ನಮ್ಮ ನೌಕರರಲ್ಲ. ನಮ್ಮಲ್ಲಿ ಅತಿ ಕಡಿಮೆ ಸಂಬಳ ಅಟೆಂಡರ್‌ದು, ಮೂವತ್ತೆರಡು ಸಾವಿರ. ಅದರ ಇಪ್ಪತ್ತು ಪಟ್ಟು ಅಂದ್ರೆ ಆರು ಲಕ್ಷದ ನಲವತ್ತು. ಈಗಿರೋದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ. ಎಲ್ಲಾರಿಗೂ ಸಮಾಧಾನ."

ಜನ ದಣಿದಿದ್ದರು. ಊಟದ ಹೊತ್ತು ಮೀರಿತ್ತು. ಕೆಲವರು ಆಗಲೇ ಕೈ ಎತ್ತಲು ಶುರುಮಾಡಿದ್ದರು.

ಚೌಡೇಶ್ವರಿ ವೇದಿಕೆಯ ಮೂಲೆಯ ತನ್ನ ಕುರ್ಚಿಗೆ ಮರಳಿ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಅಧ್ಯಕ್ಷರ ಆ ಮಾತನ್ನೂ ಕೈ ಬರೆಯಿತು. ಬರೆದು ನಿಂತಿತು. ಅವಳು ಎದ್ದಳು. ಸಭೆಯಲ್ಲಿ ಯಾರೂ ಕೇಳದೆ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಸರ್, ಕಲ್ಲಪ್ಪನೋರು ಅಟೆಂಡರ್ ಅಂದಿಲ್ಲ. ನೌಕರರು ಅಂತಾನೂ ಅಂದಿಲ್ಲ. ಕಸ ಗುಡಿಸೋರು ಅಂದಿದಾರೆ. ಅದು ನಾನು ಸರಿಯಾಗಿ ಬರ್ಕಂಡಿದೀನಿ. ಅದು ನನ್ ಕನಸಲ್ಲ." ಬಾಗಿಲ ಕಡೆ ಕೈ ತೋರಿಸಿದಳು. "ಅಲ್ಲಿ ನಿಂತಿರೋ ದುರುಗವ್ವ ಹನ್ನೊಂದು ವರ್ಷದಿಂದ ಈ ಕಟ್ಟಡ ಗುಡಿಸ್ತಾಳೆ. ಅವ್ಳಿಗೆ ಬರೋದು ಹನ್ನೊಂದು ಸಾವಿರ."

ಐನೂರು ತಲೆಗಳು ಬಾಗಿಲ ಕಡೆ ತಿರುಗಿದವು. ದುರುಗವ್ವ ಕೈಯಲ್ಲಿ ಎರಡು ಲೋಟ ಹಿಡಿದು ಹಾಗೇ ನಿಂತಿದ್ದಳು.

ಮೊದಲು ಮಾತಾಡಿದವರು ವೀರೇಶ್. ಬಹಳ ಮೆಲ್ಲಗೆ, "ಹನ್ನೊಂದಾ?" ಎಂದರು. ಆಮೇಲೆ ಎದ್ದು ನಿಂತು, "ಅವರನ್ನೂ ಸೇರಿಸಿ. ಲೆಕ್ಕ ಮಾಡೋದಾದ್ರೆ ಸರಿಯಾಗೇ ಮಾಡೋಣ," ಎಂದರು. ಅವರ ಮುಖ ಕೆಂಪಾಗಿತ್ತು. ನಾಚಿಕೆಯೋ ಸಿಟ್ಟೋ ಚೌಡೇಶ್ವರಿಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

ಕಸ ಗುಡಿಸುವವರ ಸಂಬಳದ ಇಪ್ಪತ್ತು ಪಟ್ಟು ಎಂಬ ಮಿತಿಗೆ ಮುನ್ನೂರ ಹನ್ನೆರಡು ಕೈಗಳು ಎದ್ದವು. ಅವಳು ಎರಡು ಸಲ ಎಣಿಸಿ ಬರೆದುಕೊಂಡಳು.

ಹೊರಗೆ, ಮರದ ನೆರಳಲ್ಲಿ ಹಾಲೇಶಪ್ಪನವರು ಒಬ್ಬರೇ ನಿಂತಿದ್ದರು. ಅವಳು ಹತ್ತಿರ ಹೋಗಿ ತಲೆ ತಗ್ಗಿಸಿದಳು.

"ಸರ್, ನಿಮ್ ಮಾತು ಸುಳ್ಳು ಮಾಡಿದಂಗಾತು."

ಅವರು ಕೊಡೆಯ ತುದಿಯಿಂದ ನೆಲ ಕೆದಕಿದರು. "ಏಳು ಮಂದಿ ಇದ್ವಿ, ಏಳೂ ಕೈ ಎದ್ದಂಗೆ ನೆನಪು ಚೌಡೇಶ್ವರಿ. ಈಗ ಕಣ್ಣು ಮುಚ್ಚಿದ್ರೆ ಒಂದ್ಸಲ ಏಳು ಕಾಣ್ತವೆ, ಒಂದ್ಸಲ ನಾಕು. ನಾನು ಕಂಡಿದ್ದೋ, ಕಾಣ್ಲಿ ಅಂತ ಬಯಸಿದ್ದೋ," ಎಂದರು. ಆಮೇಲೆ, "ಆ ಬೆಂಚಿನ ಮ್ಯಾಲೆ ಕೂತಿದ್ದ ಮಕ್ಳು ಯಾವ ಕ್ಲಾಸಿನೋರು?"

"ಎಂಟ್ನೇ ಕ್ಲಾಸಿರ್ಬೇಕು ಸರ್."

"ನನ್ ಕ್ಲಾಸೇ ಹಂಗಾರೆ," ಎಂದು ಕೊಡೆ ಬಿಚ್ಚಿಕೊಂಡು ಬಿಸಿಲಿಗೆ ನಡೆದರು.

ಆಮೇಲಿನದು ನಿಧಾನವಾಗಿ ಆಯಿತು. ಹನ್ನೊಂದು ಸಾವಿರದ ಇಪ್ಪತ್ತು ಪಟ್ಟಿಗೆ ಯಾವ ನಿರ್ದೇಶಕನೂ ನಿಲ್ಲುವುದಿಲ್ಲ ಎಂದು ಸಮಿತಿಗೆ ಗೊತ್ತಿತ್ತು. ಮೇಲಿನದನ್ನು ಎತ್ತಬೇಕೆಂದರೆ ಕೆಳಗಿನದನ್ನು ಎತ್ತಲೇಬೇಕು. ಮೂರು ಸಭೆಗಳ ಜಗಳದ ನಂತರ ಗುತ್ತಿಗೆ ರದ್ದಾಯಿತು. ದುರುಗವ್ವ ಮತ್ತು ಅವಳ ಜೊತೆಯ ಹದಿನಾಲ್ಕು ಜನರಿಗೆ ಸಂಘದಿಂದಲೇ ಹದಿನೇಳು ಸಾವಿರ ಎಂದಾಯಿತು. ನಿರ್ದೇಶಕರದು ಮೂರು ಲಕ್ಷದ ನಲವತ್ತಕ್ಕೆ ಇಳಿಯಿತು. ಅದು ಅನ್ಯಾಯ ಎನ್ನುವವರು ಈಗಲೂ ಇದ್ದಾರೆ, ಅದೂ ಜಾಸ್ತಿಯೇ ಎನ್ನುವವರೂ ಇದ್ದಾರೆ. ಬಸ್ಸಿನಲ್ಲಿ ಮಾತು ಮುಗಿದಿಲ್ಲ.

ವೀರೇಶ್ ಒಂದು ತಿಂಗಳು ರಜೆ ಹಾಕಿ ಪುಣೆಗೆ ಹೋದರು. ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡರು. ಮಳೆಗಾಲದ ಮೊದಲ ವಾರ ಬಂದರು. ಬಡಾವಣೆಯ ಮನೆ ಬಿಟ್ಟು ವಿದ್ಯಾನಗರದ ಸಣ್ಣ ಮನೆಗೆ ಹೋದರು. ಚೌಡೇಶ್ವರಿಗೆ ಪತ್ರ ಬರೆಸುತ್ತ ನಡುವೆ ನಿಲ್ಲಿಸಿ, "ಸಂಬಳ ಇಳೀತು. ಬೈಗುಳನೂ ಇಳೀತು. ಎರಡನ್ನೂ ಕೂಡಿ ಕಳೆದ್ರೆ ಪರವಾಗಿಲ್ಲ," ಎಂದರು. ಅದು ಪತ್ರದ ಮಾತಲ್ಲ ಎಂದು ತಿಳಿದು ಅವಳು ಬರೆದುಕೊಳ್ಳಲಿಲ್ಲ.

ದುರುಗವ್ವ ಹೊಸ ಸಂಬಳದ ಎರಡನೆಯ ತಿಂಗಳು ಮೂರು ದಿನ ರಜೆ ಕೇಳಿದಳು. ಸಂಬಳ ಕಡಿಯದ ರಜೆ, ಜೀವನದಲ್ಲಿ ಮೊದಲನೆಯದು. ಎಲ್ಲಿಗೆ ಎಂದು ಚೌಡೇಶ್ವರಿ ಕೇಳಿದ್ದಕ್ಕೆ, "ಎಲ್ಲಿಗೂ ಇಲ್ಲಕ್ಕಾರೆ. ನಮ್ ಮನೆ ಬೆಳಿಗ್ಗೆ ಹತ್ತು ಗಂಟಿಗೆ ಹೆಂಗಿರ್ತೈತೆ ಅಂತ ನಾನು ನೋಡೇ ಇಲ್ಲ," ಎಂದಳು.

ಡಿಸೆಂಬರಿನಲ್ಲಿ ಚೌಡೇಶ್ವರಿ ನಿವೃತ್ತಳಾದಳು. ಶಾಲು ಹೊದಿಸಿದರು, ಭಾಷಣ ಮಾಡಿದರು. ಮಾರನೆಯ ದಿನ ಎಂಟೂವರೆ ಬಂತು, ಹೋಯಿತು. ಅಡುಗೆ ಮಾಡಿದಳು, ರೊಟ್ಟಿ ತಟ್ಟಿದಳು, ನೆಲ ಒರೆಸಿದಳು. ಇನ್ನೇನೂ ತೋಚದೆ ನಡುಮನೆಯ ತಣ್ಣನೆಯ ನೆಲದ ಮೇಲೆ ಸೆರಗು ಹಾಸಿ ಉರುಳಿಕೊಂಡಳು. ಬಕ್ಕೇಶ್ ಊಟಕ್ಕೆ ಬಂದಾಗ ಅವಳು ಬಾಯಿ ಸ್ವಲ್ಪ ತೆರೆದು ಗಾಢವಾಗಿ ನಿದ್ದೆಹೋಗಿದ್ದಳು. ಹಗಲು ಹೊತ್ತು ಅವಳು ಮಲಗಿದ್ದನ್ನು ಅವನು ಕಂಡಿರಲಿಲ್ಲ. ತಾನೇ ಬಡಿಸಿಕೊಂಡು, ತಟ್ಟೆಯ ಸದ್ದಾಗದಂತೆ ಉಂಡು, ಬಾಗಿಲು ಮುಂದಕ್ಕೆ ಎಳೆದು ಅಂಗಳಕ್ಕೆ ಹೋದ.

ಅವಳು ಎದ್ದಾಗ ಬಿಸಿಲು ಗೋಡೆ ಹತ್ತಿತ್ತು.

"ಎರಡು ತಾಸು ಮಲಗಿದ್ದೆ. ಏನ್ ಕನಸು ಬಿತ್ತು?" ಎಂದು ಅವನು ಹೊರಗಿನಿಂದ ಕೇಳಿದ.

ಚೌಡೇಶ್ವರಿ ಕೂದಲು ಕಟ್ಟಿಕೊಳ್ಳುತ್ತ ನೆನಪು ಮಾಡಿಕೊಂಡು ನೋಡಿದಳು.

"ಏನೂ ಇಲ್ಲ. ಬರೇ ನಿದ್ದೆ," ಎಂದಳು. ಎಂದು, ಚಹಾಕ್ಕೆ ನೀರಿಡಲು ಎದ್ದಳು.